ಅರ್ಜಿ ಇಂಗ್ಲಿಷು

ತಿ. ನರಸೀಪುರ
21 ಜನವರಿ 2025, ಮಂಗಳವಾರ

ಮಗಳು ರಂಜಿನಿಗೆ,

ಕ್ಷೇಮವೇ ಎಂದು ಕೇಳಿ ಕಾಗದ ಶುರುಮಾಡುವುದು ನನ್ನ ರೂಢಿ. ಈ ಸಲ ಆ ಮಾತು ಬರೆಯಲು ಕೈ ಹಿಂದೆಮುಂದೆ ನೋಡುತ್ತಿದೆ. ಅದಕ್ಕೆ ನೇರ ವಿಷಯಕ್ಕೇ ಬರುತ್ತೇನೆ.

ತಾಲ್ಲೂಕು ಕಚೇರಿ ಮುಂದೆ ನಾನು ಅರ್ಜಿ ಬರೆಯಲು ಕೂರುವ ಮೇಜಿನ ಪಕ್ಕದಲ್ಲೇ ಹೂವು ಮಾರುವ ಪುಟ್ಟಬಸಮ್ಮ ನಿನಗೆ ಗೊತ್ತಲ್ಲ. ಚಿಕ್ಕವಳಿದ್ದಾಗ ನೀನು ಬಂದರೆ ಕನಕಾಂಬರ ಮುಡಿಸುತ್ತಿದ್ದವಳು. ಸೋಮವಾರ ಬಂದರೆ ನಂಜನಗೂಡಿಗೆ ಹೋಗಿ ಕೈಮುಗಿದು ಬರುತ್ತಾಳೆ. ನಿನ್ನೆಯೂ ಹೋಗಿದ್ದಳು. ಇವತ್ತು ಬುಟ್ಟಿ ಕೆಳಗಿಡುವ ಮುಂಚೆಯೇ ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದಳು.

"ಮಾದಣ್ಣ, ನಿನ್ ತಮ್ಮನ್ ಮಗ್ಳು ನೆನ್ನೆ ಅನ್ನೊಂದ್ ಗಂಟೇಲಿ ಒಳೆ ಮೆಟ್ಲ ಮ್ಯಾಲೆ ಒಬ್ಳೇ ಕೂತಿದ್ಲು ಕಣಪ್ಪ. ಬ್ಯಾಗು ತೊಡೆ ಮ್ಯಾಲೆ ಮಡಿಕಂಡು. ನಾ ಮಾತಾಡ್ಸುದ್ರೆ ತಿರುಗ್ ಕೂಡ ನೋಡ್ಲಿಲ್ಲ. ನೀರ್ನೇ ನೋಡ್ತಿದ್ಲು."

ಕಚೇರಿ ಮುಂದಿದ್ದ ಹತ್ತು ಜನವೂ ಕೇಳಿಸಿಕೊಂಡರು. ಕಿವುಡನಿಗೆ ಗುಟ್ಟು ಹೇಳುವುದೆಂದರೆ ಹೀಗೇ.

ಸೋಮವಾರ ಹನ್ನೊಂದು ಗಂಟೆಗೆ ನೀನು ಮೈಸೂರಿನಲ್ಲಿ, ನಿನ್ನ ಎಂ.ಎ. ಕ್ಲಾಸಿನಲ್ಲಿ ಇರಬೇಕಾದವಳು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ ಎಂದು ನಿಮ್ಮಮ್ಮ ಚಲುವಮ್ಮ ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಾಳೆ. ನಾನು ಅವಳಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಯಾಕೆ ಕೂತಿದ್ದೆ ಎಂದು ಜುಲುಮೆ ಮಾಡುವುದೂ ಇಲ್ಲ.

ಆ ಮೆಟ್ಟಿಲ ಹತ್ತಿರ ಕಪಿಲೆ ಬೇಸಗೆಯಲ್ಲೂ ಆಳವಿರುತ್ತದೆ. ಈ ಸಾಲು ಯಾಕೆ ಬರೆದೆನೋ. ಹೊಡೆದುಹಾಕೋಣವೆಂದು ಪೆನ್ನು ತೆಗೆದೆ. ಬಿಟ್ಟಿದ್ದೇನೆ.

ಸ್ಟಾಂಪು ಅಂಟಿಸಿದ ಕವರು ಒಳಗಿದೆ, ವಿಳಾಸವನ್ನೂ ಬರೆದಿದ್ದೇನೆ. ಫೋನು ಬೇಡ. ನನಗೆ ಅದರಲ್ಲಿ ಜೇನುಹುಳದ ಸದ್ದು ಬಿಟ್ಟರೆ ಬೇರೇನೂ ಕೇಳಿಸದು. ಎರಡೇ ಸಾಲಾದರೂ ಸರಿ, ಬರೆ.

ಕಾಯುತ್ತಿರುವ
ದೊಡ್ಡಪ್ಪ, ಚಿಕ್ಕಮಾದು


ಹೆಡತಲೆ
26 ಜನವರಿ 2025, ಭಾನುವಾರ

ದೊಡ್ಡಪ್ಪನಿಗೆ ರಂಜಿನಿಯ ನಮಸ್ಕಾರ.

ನೀವು ಹೊಡೆದುಹಾಕದೆ ಬಿಟ್ಟ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ನಾನು ಅಲ್ಲಿ ಕೂತದ್ದು ಅದಕ್ಕಲ್ಲ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ಅಲ್ಲಿ ಕೂತು ಇಂಗ್ಲಿಷ್ ಮಾತಾಡಿ ನೋಡುತ್ತೇನೆ. ಅಲ್ಲೂ ಬಾಯಿ ಬರುವುದಿಲ್ಲ.

ಮೂರು ವಾರದಿಂದ ಹೀಗೆ. ಸೋಮವಾರ, ಗುರುವಾರ ಹತ್ತೂವರೆಗೆ ಸೋಮಶೇಖರ್ ಸರ್ ತರಗತಿ. ಮೊದಲ ಬೆಂಚಿನಿಂದ ಸಾಲಾಗಿ ಒಬ್ಬೊಬ್ಬರೂ ಎದ್ದು ನಿಂತು ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ನಾನು ಹದಿನೇಳನೆಯವಳು. ಕೂತ ತಕ್ಷಣ ತಲೆ ಎಣಿಸಲು ಶುರುಮಾಡುತ್ತೇನೆ. ಹತ್ತನೆಯವರು ಏಳುವಾಗ ಅಂಗೈ ತಣ್ಣಗಾಗುತ್ತದೆ. ಹದಿನಾರನೆಯವಳು ದಿವ್ಯ, ನನ್ನ ಪಕ್ಕದವಳು. ಅವಳು ಏನು ಮಾತಾಡುತ್ತಾಳೆಂದು ಇವತ್ತಿನವರೆಗೆ ನನಗೆ ಗೊತ್ತಿಲ್ಲ, ಅಷ್ಟು ಹೊತ್ತಿಗೆ ಕಿವಿ ಮುಚ್ಚಿಹೋಗಿರುತ್ತದೆ. ಬರೆಯಲು ಹೇಳಲಿ, ಪುಟಗಟ್ಟಲೆ ಬರೆಯುತ್ತೇನೆ. ಬರೆದೇ ಈ ಸೀಟು ಸಿಕ್ಕಿದ್ದು. ಎದ್ದು ನಿಂತರೆ ಒಂದು ಪದವೂ ಇರುವುದಿಲ್ಲ. ಒಂದು ಸಲ ಹೇಗೋ ಒಂದು ವಾಕ್ಯ ಹೇಳಿದೆ. ಹಿಂದಿನ ಬೆಂಚಿನವನು ಅದನ್ನೇ ನನ್ನ ಧಾಟಿಯಲ್ಲಿ ಮೆಲ್ಲಗೆ ಹೇಳಿದ. ಮೂರು ಜನ ನಕ್ಕರು. ಅವರೆಲ್ಲ ಮೈಸೂರಿನ ಶಾಲೆಗಳಲ್ಲಿ ಓದಿದವರು.

"ಏನಾರ ಒಂದ್ ಒದರ್‌ಬುಟ್ಟು ಕೂತ್ಕಳೆ, ಯಾರ್ ತಲೆ ತಗೀತಾರೆ" ಅಂತಾಳೆ ದಿವ್ಯ. ಅವಳಿಗೆ ಅಷ್ಟು ಸುಲಭ. ಆವತ್ತಿನಿಂದ ಆ ಎರಡು ದಿನ ನಾನು ಮೈಸೂರು ಬಸ್ಸು ಹತ್ತದೆ ನಂಜನಗೂಡಿನಲ್ಲೇ ಉಳಿಯುತ್ತೇನೆ.

ಈಗ ಸೆಮಿನಾರು ಬಂದಿದೆ. ಫೆಬ್ರವರಿ ಹತ್ತು, ಸೋಮವಾರ. ಇಷ್ಟಪಟ್ಟ ವಿಷಯದ ಮೇಲೆ ಹದಿನೈದು ನಿಮಿಷ ಒಬ್ಬಳೇ ಮುಂದೆ ನಿಂತು ಮಾತಾಡಬೇಕು. ಮಾಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ಹೋಗುತ್ತದೆ. ಹೋದರೆ ಅಪ್ಪ ಮತ್ತೆ ಕಳಿಸುವುದಿಲ್ಲ, ಆಗಲೇ ಗಂಡಿನ ಮಾತು ಆಡುತ್ತಿದ್ದಾರೆ. ಹಳ್ಳಿ ಹೆಣ್ಣುಮಕ್ಕಳ ಓದು ಎಂದು ವಿಷಯ ಕೊಟ್ಟಿದ್ದೇನೆ. ಅದನ್ನು ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ನಮ್ಮ ವಂಶದಲ್ಲಿ ಇಂಗ್ಲಿಷ್ ಮಾತಾಡಿದವರು ನೀವೊಬ್ಬರೇ. ಅಪ್ಪ ಈಗಲೂ ಫ್ಯಾಕ್ಟರಿಯಲ್ಲಿ ಹೇಳಿಕೊಳ್ಳುತ್ತಾರಂತೆ, "ನಮ್ಮಣ್ಣ ಓದಿದ್ದು ನಾಕ್ನೇ ಕ್ಲಾಸು ಕಣ್ಲಾ, ಎ.ಸಿ. ಸಾಯೇಬ್ರ ಮುಂದೆ ನಿಂತ್ಕಂಡು ಇಂಗ್ಲೀಸಲ್ಲಿ ಮಾತಾಡ್ದೋನು" ಅಂತ. ನಿಮಗೆ ಆ ದಿನ ಹೆದರಿಕೆ ಆಗಲಿಲ್ಲವೆ? ಬಾಯಿ ಹೇಗೆ ತೆರೆದಿರಿ? ಅದೊಂದನ್ನು ಬರೆಯಿರಿ.

ನಿಮ್ಮ
ರಂಜಿನಿ


ತಿ. ನರಸೀಪುರ
31 ಜನವರಿ 2025

ಮಗಳು ರಂಜಿನಿಗೆ,

ನಿನ್ನ ಕಾಗದ ಬಂದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಕೂತಿತು. ಆದರೆ ಈ ಎರಡನೆಯದನ್ನು ಸರಿಸುವ ಉಪಾಯ ನನ್ನ ಹತ್ತಿರ ಇದೆ.

ಎ.ಸಿ. ಸಾಹೇಬರ ವಿಚಾರ ಹಳೆಯದು, ಇನ್ನೊಂದು ಸಲ ಹೇಳುತ್ತೇನೆ. ಈಗ ಕೆಲಸದ ಮಾತು.

ನಾನು ಈ ಭಾಷೆ ಕಲಿತದ್ದು ಹಳೆಯ ಅರ್ಜಿಗಳನ್ನು ನಕಲು ಮಾಡಿ. ನನಗಿಂತ ಮುಂಚೆ ಕಚೇರಿ ಮುಂದಿನ ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ ರಂಗನಾಯಕರು ತಪ್ಪಾದ ಹಾಳೆಗಳನ್ನು ಎಸೆಯುತ್ತಿದ್ದರು. ನಾನು ಆಯ್ದುಕೊಂಡು ಮನೆಗೆ ತಂದು, ಹರಕಲು ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಬಿಡಿಸುತ್ತಿದ್ದೆ. ಅದರಿಂದ ನನಗೆ ತಿಳಿದದ್ದು ಇಷ್ಟು. ಇಂಗ್ಲಿಷು ಮರ್ಯಾದೆಯ ಭಾಷೆ. ಮೊದಲು ಕೈಮುಗಿಯಬೇಕು, ಆಮೇಲೆ ವಿಷಯ, ಕೊನೆಯಲ್ಲಿ ಪ್ರಾರ್ಥನೆ. ಈ ಕ್ರಮ ಬಿಡದಿದ್ದರೆ ಎದುರಿಗಿರುವವರು ಎಷ್ಟು ದೊಡ್ಡವರಾದರೂ ಕೇಳಲೇಬೇಕು. ನಲವತ್ತೊಂದು ವರ್ಷದಲ್ಲಿ ಭಾಷೆ ಸರಿಯಿಲ್ಲವೆಂದು ನನ್ನ ಒಂದು ಅರ್ಜಿಯೂ ವಾಪಸು ಬಂದಿಲ್ಲ.

ಎರಡು ದಿನ ಕೂತು ನಿನ್ನ ಸೆಮಿನಾರು ಬರೆದಿದ್ದೇನೆ. ಆರು ಪುಟ, ಒಳ್ಳೆಯ ಹಾಳೆಯಲ್ಲಿ. ಜಮೀನಿನ ಪಹಣಿ ಅರ್ಜಿಗೆ ಬಂದವರನ್ನೂ ನಾಳೆ ಬನ್ನಿ ಎಂದು ಕಳಿಸಿದೆ. "ಏನ್ ಮಾದಣ್ಣ, ಮುಖ್ಯಮಂತ್ರಿಗಾ ಬರೀತಿರದು?" ಅಂದಳು ಪುಟ್ಟಬಸಮ್ಮ. ಅದಕ್ಕಿಂತ ದೊಡ್ಡವರಿಗೆ ಅಂದೆ.

ಶುರು ಹೀಗಿದೆ, ಬಾಯಿಪಾಠ ಮಾಡು: ರೆಸ್ಪೆಕ್ಟೆಡ್ ಸರ್, ಐ, ದಿ ಅಂಡರ್‌ಸೈನ್ಡ್, ಮೋಸ್ಟ್ ಹಂಬ್ಲಿ ಬೆಗ್ ಟು ಸಬ್ಮಿಟ್ ದಿ ಫಾಲೋಯಿಂಗ್ ಫಾರ್ ಯುವರ್ ಕೈಂಡ್ ಕನ್ಸಿಡರೇಶನ್. ಕೆಳಗೆ ಸಹಿ ಮಾಡಿರುವ ನಾನು ಅತಿ ವಿನಯದಿಂದ ತಮ್ಮ ದಯಾಪರ ಪರಿಶೀಲನೆಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಂತ. ಎಷ್ಟು ಚೆನ್ನಾಗಿದೆ ನೋಡು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಿನ್ನ ಹೆದರಿಕೆ ಅರ್ಧ ಇಳಿದಿರುತ್ತದೆ.

ಒಂದಕ್ಷರ ಬದಲಾಯಿಸಬೇಡ.

ಧೈರ್ಯ ಹೇಳುವ
ದೊಡ್ಡಪ್ಪ


ತಿ. ನರಸೀಪುರ
13 ಫೆಬ್ರವರಿ 2025, ಗುರುವಾರ

ರಂಜಿನಿ,

ಸೋಮವಾರ ಹತ್ತೂವರೆಗೆ ನಾನು ಗಡಿಯಾರ ನೋಡುತ್ತ ಕೂತಿದ್ದೆ. ಹದಿನೈದು ನಿಮಿಷ ಮುಗಿಯುವವರೆಗೆ ಪೆನ್ನು ಮುಟ್ಟಲಿಲ್ಲ.

ಅದಾಗಿ ಮೂರು ದಿನ. ನಿನ್ನಿಂದ ಕಾಗದವಿಲ್ಲ. ಮೂರು ದಿನಕ್ಕೆ ಕಾಗದ ಎಲ್ಲಿ ಬರುತ್ತದೆ, ಊರಿನಲ್ಲಿ ಕುಂಭಮೇಳದ ಜನಜಾತ್ರೆ ಬೇರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಬೆಳಿಗ್ಗೆ ಪೋಸ್ಟಾಫೀಸಿಗೇ ಹೋಗಿ ಕೇಳಿದೆ. ಇಲ್ಲವೆಂದು ಕೈಯಾಡಿಸಿದರು.

ಪುಟ್ಟಬಸಮ್ಮನಿಗೆ ಇವತ್ತು ನಂಜನಗೂಡಿಗೆ ಹೋಗಿ ಬಾ ಅಂದೆ. "ಇವತ್ತು ಸ್ವಾಮಾರ ಅಲ್ವಲ್ಲ" ಅಂದಳು. ಅವಳು ನನ್ನ ಮುಖ ನೋಡಿ ಬುಟ್ಟಿಯನ್ನು ನನ್ನ ಮೇಜಿನ ಕೆಳಗೆ ತಳ್ಳಿ ಹೊರಟಳು. ಮಧ್ಯಾಹ್ನ ಬಂದು, ಮೆಟ್ಟಿಲ ಮೇಲೆ ನೀನು ಇರಲಿಲ್ಲ ಎಂದಳು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿಯದೆ ಈ ಕಾಗದ ಬರೆಯಲು ಕೂತೆ.

ಒಂದು ಸಾಲು ಬರೆ.

ದೊಡ್ಡಪ್ಪ


ನಿಮ್ಮ ಮನೆ, ನಿನ್ನ ಕೋಣೆಯ ಬಾಗಿಲ ಹೊರಗೆ
16 ಫೆಬ್ರವರಿ 2025, ಭಾನುವಾರ, ಮಧ್ಯಾಹ್ನ ಮೂರು

ಮಗಳೇ,

ನಿಮ್ಮಮ್ಮ ನಿನ್ನೆ ಪುಟ್ಟಬಸಮ್ಮನ ಫೋನಿಗೆ ಫೋನು ಮಾಡಿದ್ದಳು. ನೀನು ಐದು ದಿನದಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಕಾಲೇಜಿಗೂ ಹೋಗಿಲ್ಲ, ಊಟವೂ ಅರ್ಧಂಬರ್ಧ ಎಂದಳಂತೆ. ಇವತ್ತು ಮೊದಲ ಬಸ್ಸಿಗೆ ಬಂದೆ. ಬೆಳಿಗ್ಗೆಯಿಂದ ಬಾಗಿಲು ತಟ್ಟುತ್ತಿದ್ದೇನೆ. ನೀನು ಒಳಗಿನಿಂದ ಉತ್ತರ ಕೊಟ್ಟಿದ್ದರೂ ಕೊಟ್ಟಿರಬಹುದು. ನನಗೆ ಕೇಳಿಸಲಿಲ್ಲ. ನಿಮ್ಮಮ್ಮ ಇಲ್ಲ ಎಂದು ತಲೆಯಾಡಿಸುತ್ತಾಳೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ.

ನೀನು ಬಾಗಿಲು ತೆಗೆಯಬೇಡ. ಮಾತೂ ಆಡಬೇಡ. ಈ ಹಾಳೆಯನ್ನು ಬಾಗಿಲ ಕೆಳಗೆ ತಳ್ಳುತ್ತೇನೆ, ಹಿಂದೆ ಖಾಲಿ ಇದೆ. ಏನು ಬೇಕಾದರೂ ಬರೆ, ನನ್ನನ್ನು ಬಯ್ದಾದರೂ ಬರೆ. ಕಾಗದ ವಾಪಸು ಬಂದರೆ ಸಾಕು. ನಾನು ನೆಲದ ಮೇಲೆ ಕೂತು ಈ ಸಂದಿಯನ್ನೇ ನೋಡುತ್ತಿರುತ್ತೇನೆ.

ದೊಡ್ಡಪ್ಪ


(ಅದೇ ಹಾಳೆಯ ಹಿಂದೆ)

ದೊಡ್ಡಪ್ಪ, ಎದ್ದು ಕುರ್ಚಿ ಮೇಲೆ ಕೂತುಕೊಳ್ಳಿ, ನಿಮಗೆ ಮಂಡಿನೋವು.

ನೀವು ಬರೆದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮೊದಲ ವಾಕ್ಯ ಮುಗಿಯುವ ಮುಂಚೆ ಹಿಂದಿನ ಬೆಂಚು ನಕ್ಕಿತು. ನನಗೆ ಗೊತ್ತಾಗಲಿಲ್ಲ, ನಿಲ್ಲಿಸಿದರೆ ಮರೆತುಹೋಗುತ್ತದೆಂದು ಹೇಳುತ್ತಲೇ ಹೋದೆ. ಕೈಮುಗಿದುಕೊಂಡು ಹೇಳಿದೆ ದೊಡ್ಡಪ್ಪ. ಎರಡನೇ ಪುಟಕ್ಕೆ ಇಡೀ ಕ್ಲಾಸು ನಗುತ್ತಿತ್ತು. ಒಬ್ಬ ಮೊಬೈಲಿನಲ್ಲಿ ತೆಗೆದುಕೊಂಡ. ಈಗ ನನ್ನ ಹೆಸರು ಅರ್ಜಿ. ಸರ್ ನಗಲಿಲ್ಲ. ಎಲ್ಲರಿಗೂ ಸುಮ್ಮನಿರಲು ಹೇಳಿ, ಇದನ್ನು ಎಲ್ಲಿ ಕಲಿತೆ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ದೊಡ್ಡಪ್ಪನಿಂದ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಬ್ಯಾಗು ತೆಗೆದುಕೊಂಡು ಬಂದುಬಿಟ್ಟೆ.

ಒಂದು ನಿಜ ಹೇಳಿ. ನಿಮಗೆ ಇಂಗ್ಲಿಷ್ ಮಾತಾಡಲು ಬರುತ್ತದೋ ಇಲ್ಲವೋ?


ಅದೇ ದಿನ, ನಾಲ್ಕೂಕಾಲು

ಇಲ್ಲ ಮಗಳೇ.

ಒಂದು ವಾಕ್ಯವನ್ನೂ ನಾನು ಈ ಜನ್ಮದಲ್ಲಿ ಆಡಿಲ್ಲ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ಎ.ಸಿ. ಸಾಹೇಬರ ಕಥೆಯನ್ನು ಈಗ ಹೇಳುತ್ತೇನೆ.

ಸೋಸಲೆಯ ಒಬ್ಬ ವಿಧವೆಗೆ ಪಿಂಚಣಿ ನಿಂತುಹೋಗಿತ್ತು. ನಾನು ಅರ್ಜಿ ಬರೆದುಕೊಟ್ಟೆ. ಆವತ್ತು ತಾಲ್ಲೂಕು ಕಚೇರಿಗೆ ಬಂದಿದ್ದ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಅದನ್ನು ಓದಿ, ಬರೆದವರನ್ನು ಕರೆಸಿ ಅಂದರು. ಒಳಗೆ ಹೋದೆ. ಫ್ಯಾನು ತಿರುಗುತ್ತಿತ್ತು, ನಾಲ್ಕೈದು ಜನ ಕೂತಿದ್ದರು. ಅವರು ಹಾಳೆ ಎತ್ತಿ ಹಿಡಿದು, ಇದನ್ನು ಬರೆದದ್ದು ನೀನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಪೂರ್ತಿ ಅರ್ಥವಾಯಿತು. ಎಸ್ ಸರ್ ಅಂದರೆ ಸಾಕಿತ್ತು, ಅಷ್ಟನ್ನು ಆಫೀಸಿನ ಜವಾನನೂ ಅನ್ನುತ್ತಾನೆ. ನನ್ನ ನಾಲಿಗೆ ಅಂಟಿಕೊಂಡಿತು. ಎಸ್ ಅಂದರೆ ಮುಂದೆ ಇನ್ನೇನು ಕೇಳುತ್ತಾರೋ ಎಂಬ ದಿಗಿಲು. ನಾನಲ್ಲ ಎಂದು ತಲೆಯಾಡಿಸಿಬಿಟ್ಟೆ.

ಅವರು ಬಯ್ಯಲು ಕರೆದಿರಲಿಲ್ಲ. ಬರೆದವನು ಯಾರೋ ಬಹಳ ಚೆನ್ನಾಗಿ ಬರೆದಿದ್ದಾನೆ ಎಂದು ಆ ಹೆಂಗಸಿಗೆ ಕನ್ನಡದಲ್ಲಿ ಹೇಳಿದರು. ನಾನು ಅಲ್ಲೇ ನಿಂತು ಅದನ್ನು ಕೇಳಿಸಿಕೊಂಡೆ.

ಹೊರಗೆ ಬಂದಾಗ ಜನ ಮುತ್ತಿಕೊಂಡರು. "ಏನಂದ್ರು, ಏನಂದ್ರು ಸಾಯೇಬ್ರು?" ಮಾತಾಡಿದೆವು ಅಂದೆ. ಅಷ್ಟೇ ಅಂದದ್ದು. ಮಿಕ್ಕಿದ್ದನ್ನು ಊರು ಸೇರಿಸಿತು. ನಾನು ತಡೆಯಲಿಲ್ಲ, ಹಿತವಾಗಿತ್ತು. ಆವತ್ತಿನಿಂದ ಆ ಕಚೇರಿಯ ಒಳಗೆ ಕಾಲಿಟ್ಟಿಲ್ಲ. ಆಮೇಲೆ ಕಿವಿ ಮಂದವಾಯಿತು. ಎಲ್ಲರೂ ಅಯ್ಯೋ ಅಂದರು. ನನಗೆ ಒಳಗೊಳಗೇ ಸಮಾಧಾನ. ಇನ್ನು ಯಾರೂ ನನ್ನನ್ನು ಇಂಗ್ಲಿಷಿನಲ್ಲಿ ಏನೂ ಕೇಳುವುದಿಲ್ಲ.

ಬಾಯಿಯಿಂದ ಒಂದು ದಿನವೂ ಆಡದ ಭಾಷೆಯನ್ನು ನಿನ್ನ ಬಾಯಿಗೆ ತುರುಕಿದೆ. ನಿನ್ನನ್ನು ನೋಡಿ ನಗಲಿಲ್ಲ ಅವರು, ನನ್ನನ್ನು ನೋಡಿ ನಕ್ಕರು. ಆದರೆ ಅಲ್ಲಿ ನಿಂತಿದ್ದವಳು ನೀನು.

ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಐದೂವರೆ ಬಸ್ಸಿನವರೆಗೆ ಇಲ್ಲೇ ಕೂತಿರುತ್ತೇನೆ.

ತಪ್ಪು ಮಾಡಿದ
ದೊಡ್ಡಪ್ಪ


(ಹಿಂದೆ, ಪೆನ್ಸಿಲಿನಲ್ಲಿ)

ಅನ್ನ ಸಾರು ಕಲಸಿ ತರಲು ಅಮ್ಮನಿಗೆ ಹೇಳಿ. ಇಬ್ಬರಿಗೂ.


ಹೆಡತಲೆ
9 ಮಾರ್ಚ್ 2025, ಭಾನುವಾರ

ದೊಡ್ಡಪ್ಪನಿಗೆ,

ನೀವು ಆವತ್ತು ಊಟ ಮಾಡಿ ಹೋದ ಮೇಲೆ ಬರೆದಿಲ್ಲ. ಏನಾದರೂ ಆಗುವವರೆಗೆ ಬರೆಯುವುದು ಬೇಡವೆಂದುಕೊಂಡೆ.

ಎರಡು ವಾರದ ಹಿಂದೆ ಸೋಮಶೇಖರ್ ಸರ್ ಕೋಣೆಗೆ ಹೋದೆ. ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ, ಅವರೇ ಎದ್ದು ಬಂದರು. ಇನ್ನೊಂದು ಅವಕಾಶ ಬೇಕೆಂದು ಕನ್ನಡದಲ್ಲಿ ಕೇಳಿದೆ. ಕೊಟ್ಟರು. ಮೊನ್ನೆ ಗುರುವಾರ, ಆರನೇ ತಾರೀಖು. ನಿಮಗೆ ತಿಳಿಸಲಿಲ್ಲ. ತಿಳಿಸಿದರೆ ನೀವು ಗಡಿಯಾರ ನೋಡುತ್ತೀರಿ, ಆ ಗಡಿಯಾರವೂ ನನ್ನ ತಲೆಯ ಮೇಲೆ ಕೂರುತ್ತದೆ.

ಬಸ್ಸಿನಲ್ಲಿ ವಾಂತಿಯಾಯಿತು. ಎದುರು ನಿಂತಾಗ ಹಿಂದಿನಿಂದ ಯಾರೋ "ಅರ್ಜಿ ಬಂತು, ಅರ್ಜಿ" ಅಂದರು. ದಿವ್ಯ ತಿರುಗಿ, "ನಗೋದಿದ್ರೆ ಎದ್ದೋಗಿ ಆಚೆ ನಗ್ರೋ, ನಿಮ್ ಇಂಗ್ಲೀಸೆಲ್ಲ ನಾನೂ ಕೇಳಿವ್ನಿ" ಅಂದಳು.

ಹಾಳೆ ಒಯ್ದಿರಲಿಲ್ಲ. ಅಮ್ಮ ಏಳನೇ ಕ್ಲಾಸಿಗೆ ಓದು ಬಿಟ್ಟದ್ದು ಯಾಕೆಂದು ಹೇಳತೊಡಗಿದೆ. ಚಿಕ್ಕ ಚಿಕ್ಕ ವಾಕ್ಯಗಳು, ಮಕ್ಕಳು ಹೇಳುವ ಹಾಗೆ. ನಾಲ್ಕು ನಿಮಿಷ ಬಂತು. ಆಮೇಲೆ ನಿಂತುಹೋಯಿತು. ಅದೇ ಹಳೆಯದು. ಅಂಗೈ ತಣ್ಣಗೆ, ಕಿವಿ ಮುಚ್ಚಿತು, ಎದುರಿಗಿದ್ದ ಮುಖಗಳೆಲ್ಲ ದೂರ ಹೋದವು. ಬಾಗಿಲು ನನ್ನ ಎಡಕ್ಕೆ ಆರು ಹೆಜ್ಜೆ. ಅದನ್ನೂ ಎಣಿಸಿದೆ.

ಆಗ ನನ್ನ ಬಾಯಿಂದ ಬಂತು: ಐ ಯಾಮ್ ಅಫ್ರೇಡ್. ಪ್ಲೀಸ್ ಗಿವ್ ಮಿ ಒನ್ ಮಿನಿಟ್.

ನನಗೆ ಹೆದರಿಕೆಯಾಗಿದೆ, ಒಂದು ನಿಮಿಷ ಕೊಡಿ ಎಂದು. ಯಾರೂ ಬರೆದುಕೊಟ್ಟದ್ದಲ್ಲ, ನಾನು ಯೋಚಿಸಿಕೊಂಡದ್ದೂ ಅಲ್ಲ. ಸರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಒಂದು ನಿಮಿಷ ಎಷ್ಟು ಉದ್ದ ದೊಡ್ಡಪ್ಪ. ಒಬ್ಬರೂ ನಗಲಿಲ್ಲ. ಮೊಬೈಲಿನಲ್ಲಿ ತೆಗೆದವನೂ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಸೋಮವಾರ ತನ್ನ ಸರದಿ ಬಂದರೆ ಬೆವರುತ್ತದೆ ಎಂದು ದಿವ್ಯ ಆಮೇಲೆ ಹೇಳಿದಳು.

ನಿಮಿಷ ಮುಗಿದ ಮೇಲೆ ಮತ್ತೆ ಐದು ನಿಮಿಷ ಮಾತಾಡಿದೆ. ಒಟ್ಟು ಒಂಬತ್ತು. ಇನ್ನು ಆರು ನಿಮಿಷ ಉಳಿದಿದೆ, ಇಪ್ಪತ್ತನೇ ತಾರೀಖು ಗುರುವಾರ ಮುಗಿಸು, ಆಮೇಲೆ ಅಂಕ ಅಂದರು ಸರ್. ಗೆದ್ದೆನೆಂದು ಬರೆಯಲು ಆಗುವುದಿಲ್ಲ. ಈಗಲೇ ದಿನ ಎಣಿಸಲು ಶುರುಮಾಡಿದ್ದೇನೆ. ಆದರೆ ಹೋಗುತ್ತೇನೆ.

ನಿಮ್ಮ
ರಂಜಿನಿ


ತಿ. ನರಸೀಪುರ
14 ಮಾರ್ಚ್ 2025, ಶುಕ್ರವಾರ

ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಹತ್ತಿರ ಹರಿಯುತ್ತಿದೆ.

ಇವತ್ತು ಬೆಳಿಗ್ಗೆ ಕಚೇರಿ ಮುಂದೆ ಜನ ಕಡಿಮೆ ಇದ್ದರು. ನಿನ್ನ ಆ ಮಾತನ್ನು ನಾನೂ ಆಡಿ ನೋಡೋಣವೆನಿಸಿತು. ಎಪ್ಪತ್ತೆರಡು ವರ್ಷ ನನಗೆ, ಎದುರಿಗೆ ಯಾರೂ ಇಲ್ಲ, ಆದರೂ ಎದೆ ಹೊಡೆದುಕೊಂಡಿತು ಕಣೇ. ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಮೂರನೆಯ ಸಲ ಹೇಳಿದೆ. ನನಗೆ ಕೇಳಿಸಲಿಲ್ಲ. ಹಾಗಾಗಿ ಇನ್ನಷ್ಟು ಗಟ್ಟಿಯಾಗಿ ಹೇಳಿದೆನೆಂದು ಕಾಣುತ್ತದೆ. ಪುಟ್ಟಬಸಮ್ಮ ಹೂವು ಕಟ್ಟುವುದನ್ನು ಬಿಟ್ಟು ಎದ್ದು ಬಂದಳು.

"ಯಾರ್‌ಗಾ ಬಯ್ತಿರದು ಮಾದಣ್ಣ, ಅದೂ ಇಂಗ್ಲೀಸಲ್ಲಿ?"

"ಬಯ್ತಿಲ್ಲ ಕಣವ್ವ. ಎದ್ರಿಕೆ ಆಯ್ತದೆ ಅಂದೆ."

"ಅಷ್ಟ್ ಗಟ್ಟಿಯಾಗ್ ಅಂದ್ರೆ ಎದ್ರಿಕೇನೇ ಎದ್ರ್‌ಕಂಡ್ ಓಡೋಯ್ತದೆ" ಅಂದು ನಕ್ಕಳು.

ಓಡಿಹೋಗಲಿಲ್ಲ. ಸುಳ್ಳು ಹೇಳುವುದಿಲ್ಲ ಇನ್ನು ನಿನಗೆ. ಆ ಸಾಹೇಬರ ಕೋಣೆಯ ಫ್ಯಾನು ಇವತ್ತೂ ನನ್ನ ತಲೆಯ ಮೇಲೆ ತಿರುಗಿತು. ಆದರೆ ಮಾತು ಹೊರಗೆ ಬಂತು. ನನಗೆ ಕೇಳದಿದ್ದರೂ ಅವಳಿಗೆ ಕೇಳಿತು.

ನಿನಗೆ ಏನೂ ಬರೆದು ಕಳಿಸುತ್ತಿಲ್ಲ. ಈ ಕವರಿನಲ್ಲಿ ಈ ಹಾಳೆ ಬಿಟ್ಟರೆ ಬೇರೇನೂ ಇಲ್ಲ, ಹುಡುಕಬೇಡ.

ಗುರುವಾರ ಹತ್ತೂವರೆಗೆ ನಾನು ಗಡಿಯಾರ ನೋಡುವುದಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಮೇಜಿನ ಪಕ್ಕ ಎದ್ದು ನಿಂತಿರುತ್ತೇನೆ. ಅರ್ಜಿಗೆ ಬಂದವರು ಯಾಕೆಂದು ಕೇಳಿದರೆ, ನಮ್ಮ ಮಗಳು ಈಗ ನಿಂತಿದ್ದಾಳೆ, ಅವಳು ಕೂತ ಮೇಲೆ ಕೂರುತ್ತೇನೆ ಅನ್ನುತ್ತೇನೆ.

ನಿನ್ನ ಹಾಗೇ ಹೆದರಿರುವ
ದೊಡ್ಡಪ್ಪ, ಚಿಕ್ಕಮಾದು